‘ಎಂತ ಇಲ್ಲ’ ಅಂದವರಿಗೆ ಹಸಿರು ಪಟ್ಟಿ

ನಮ್ಮ ಆಸ್ಪತ್ರೆಯ ವಿಪತ್ತು ಯೋಜನೆಯನ್ನು ಬರೆದವಳು ನಾನು. ಸುರತ್ಕಲ್ ಕಡೆಯ ಕಾರ್ಖಾನೆಗಳಲ್ಲಿ ಗ್ಯಾಸ್ ಸೋರಿದರೆ ಯಾರು ಯಾವ ಬಾಗಿಲಲ್ಲಿ ನಿಲ್ಲಬೇಕು, ಬಂದವರ ಕೈಗೆ ಯಾವ ಬಣ್ಣದ ಪಟ್ಟಿ ಕಟ್ಟಬೇಕು ಎಂದು ನಲವತ್ತು ಪುಟ ಬರೆದಿದ್ದೆ. ಉಸಿರು ಕಟ್ಟಿದವರಿಗೆ ಕೆಂಪು. ತಾವಾಗಿ ನಡೆದು ಬಂದವರಿಗೆ ಹಸಿರು, ಅಂದರೆ ಅವರು ಕಾಯಬಹುದು. ಆ ಫೈಲಿನ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು.

ಮಾಕ್ ಡ್ರಿಲ್ ದಿನ ನರ್ಸಿಂಗ್ ವಿದ್ಯಾರ್ಥಿನಿಯರು, ಕ್ಯಾಂಟೀನಿನವರು ರೋಗಿಗಳಾಗಿ ಭರ್ಜರಿಯಾಗಿ ನರಳುತ್ತಿದ್ದರು. ಡ್ರಿಲ್‌ನ ತಪಾಸಣೆಗೆ ಬಂದ ಅಧಿಕಾರಿಗಳು ಪಕ್ಕದಲ್ಲೇ ನಿಂತು ಬರೆದುಕೊಳ್ಳುತ್ತಿದ್ದರು. ಆ ಗದ್ದಲದ ನಡುವೆ ನಡುವಯಸ್ಸಿನವರೊಬ್ಬರು ಹೆಂಡತಿಯ ಜೊತೆ ನಡೆದು ಬಂದರು. ಇಸ್ತ್ರಿ ಹಾಕಿದ ಅಂಗಿ, ಹಣೆಯಲ್ಲಿ ಬೆವರು. ನಟಿಸಲು ಆಫೀಸಿನವರು ಯಾರನ್ನೋ ಕಳಿಸಿದ್ದಾರೆ ಅಂದುಕೊಂಡೆ.

“ಎಂತ ಆಗ್ತಾ ಉಂಟು?” ಎಂದೆ.

“ಎಂತ ಇಲ್ಲ ಮೇಡಂ, ಸ್ವಲ್ಪ ಎದೆ ಹಿಡಿದ ಹಾಗೆ,” ಎಂದರು.

ನಮ್ಮೂರಿನವರು ಜೀವ ಹೋಗುವಾಗಲೂ ಮೊದಲು ‘ಎಂತ ಇಲ್ಲ’ ಅನ್ನುತ್ತಾರೆ. ನನ್ನ ಅಪ್ಪನೂ ಹಾಗೆಯೇ ಅಂದಿದ್ದರು. ಅದು ಗೊತ್ತಿದ್ದೂ ನನಗೆ ರೇಗಿತು.

“ಸ್ವಲ್ಪ ಆದ್ರೂ ಆ್ಯಕ್ಟಿಂಗ್ ಮಾಡಿ ಮಾರಾಯ್ರೆ, ತಪಾಸಣೆಯವರು ನೋಡ್ತಾ ಇದ್ದಾರೆ,” ಎಂದು ಪಿಸುಗುಟ್ಟಿ, ಹಸಿರು ಪಟ್ಟಿ ಕಟ್ಟಿ ಹಿಂದಿನ ಬೆಂಚು ತೋರಿಸಿದೆ. ಅವರು ಹೋಗಿ ಕುಳಿತರು. ಹೆಂಡತಿ ಎರಡು ಸಲ ಎದ್ದು ಬಂದರು. ಎರಡು ಸಲವೂ ಕೈಸನ್ನೆಯಲ್ಲೇ ಕೂರಿಸಿದೆ.

ಅವರು ಬೆಂಚಿನಿಂದ ಜಾರಿ ಬಿದ್ದಾಗ ವಿದ್ಯಾರ್ಥಿನಿಯೊಬ್ಬಳು ಚಪ್ಪಾಳೆ ತಟ್ಟಿದಳು. ಈಗಾದರೂ ನಟಿಸಿದರಲ್ಲ ಎಂದು ನಾನೂ ತಲೆಯಾಡಿಸಿದೆ. ಹೆಂಡತಿ ಅಳತೊಡಗಿದ ಮೇಲೆಯೇ ಓಡಿದ್ದು.

ಹೃದಯಾಘಾತ. ಕಾಟಿಪಳ್ಳದಿಂದ ಬಸ್ಸಿನಲ್ಲಿ ಬಂದಿದ್ದರಂತೆ, ಅದೂ ನಿಂತುಕೊಂಡು. ಅವರು ಉಳಿದದ್ದು ಹೃದ್ರೋಗ ವಿಭಾಗದವರ ಪುಣ್ಯ, ನನ್ನದಲ್ಲ. ಆದರೂ ವರದಿಯಲ್ಲಿ ‘ಅಣಕು ಕಾರ್ಯಾಚರಣೆಯ ನಡುವೆಯೂ ನೈಜ ರೋಗಿಯೊಬ್ಬರಿಗೆ ತುರ್ತು ಚಿಕಿತ್ಸೆ ನೀಡಲಾಯಿತು’ ಎಂದು ಬರೆದವಳೂ ನಾನೇ. ಅವರು ಬೆಂಚಿನಲ್ಲಿ ಕಳೆದ ಹೊತ್ತಿನ ಬಗ್ಗೆ ಒಂದಕ್ಷರ ಬರೆಯಲಿಲ್ಲ. ಅದನ್ನು ನೆನೆದರೆ ಇಂದಿಗೂ ನಾಚಿಕೆಯಿಂದ ಮುಖ ಬಿಸಿಯಾಗುತ್ತದೆ.

ಅವರನ್ನು ಮನೆಗೆ ಕಳಿಸುವ ದಿನ ಹೆಂಡತಿ ನನ್ನನ್ನು ಹುಡುಕಿಕೊಂಡು ಬಂದರು. ಕ್ಷಮೆ ಕೇಳಬೇಕೆಂದು ಎದ್ದು ನಿಂತೆ. ಅಷ್ಟರಲ್ಲಿ ಅವರೇ, “ಬೇಜಾರು ಮಾಡ್ಬೇಡಿ ಮೇಡಂ. ಅವತ್ತು ನಮ್ಮಿಂದಾಗಿ ನಿಮ್ಮ ಪ್ರೋಗ್ರಾಂ ಹಾಳಾಯ್ತು,” ಎಂದರು.

“ಪರವಾಗಿಲ್ಲ,” ಎಂದೆ.