ಕುಡಿ ಎಂದ ದನಿ

ನನ್ನ ತಮ್ಮನು ಸೈಕಲ್ ತುಳಿದು ಅನ್ನ ಸಂಪಾದಿಸುತ್ತಿದ್ದನೆಂದರೆ ಈಗಿನವರು ನಂಬಲಿಕ್ಕಿಲ್ಲ. ಹಿಂದೂಪುರದ ಸೈಕಲ್ ಷಾಪಿನ ಯಜಮಾನರೊಬ್ಬರು ಅವನನ್ನು ತಿಂಗಳ ಸಂಬಳಕ್ಕೆ ಇಟ್ಟುಕೊಂಡಿದ್ದರು. ಎಲ್ಲಿ ಪಂದ್ಯ ನಡೆದರೂ ಅವನು ಅಂಗಡಿಯ ಸೈಕಲನ್ನೇರಿ ಓಡಬೇಕು. ಅವನು ಗೆದ್ದರೆ ಸೈಕಲಿಗೆ ಹೆಸರು, ಅಂಗಡಿಗೆ ಗಿರಾಕಿ. ದೇಶಕ್ಕೆ ಸ್ವಾತಂತ್ರ್ಯ ಬಂದ ಹೊಸದರ ಮಾತಿದು. ನಾನು ಅದೇ ಊರಿನ ಪಾಠಶಾಲೆಯಲ್ಲಿ ಸಂಸ್ಕೃತ ಹೇಳಿಕೊಡುತ್ತಿದ್ದೆ.

ನಮ್ಮದು ಅಯ್ಯನವರ ಮನೆತನ. ತಂದೆಯವರು ಲಿಂಗೈಕ್ಯರಾದಾಗ ತಮ್ಮನಿಗೆ ಎಂಟು ವರ್ಷ. ಲಿಂಗವನ್ನು ಎಡ ಅಂಗೈಯಲ್ಲಿ ಹಿಡಿಯುವುದನ್ನೂ, ವಿಭೂತಿ ಧರಿಸುವುದನ್ನೂ, ಅಕ್ಷರವನ್ನೂ ಅವನಿಗೆ ಕಲಿಸಿದವನು ನಾನೇ. ಆದಕಾರಣ ಅವನು ಅಣ್ಣಯ್ಯ ಎಂದು ಕರೆದರೂ ತಂದೆಗೆ ಅಂಜುವಂತೆ ನನಗೆ ಅಂಜುತ್ತಿದ್ದ. ಬೆಳಗಿನ ಲಿಂಗಪೂಜೆ ಮುಗಿಯುವ ತನಕ ಬಾಯಿಗೆ ಹನಿ ನೀರೂ ಹೋಗಕೂಡದೆಂಬುದು ನಮ್ಮ ಮನೆಯ ನಿಯಮ. ಜ್ವರದಲ್ಲಿ ಮಲಗಿದ್ದಾಗಲೂ ಅವನು ಅದನ್ನು ಮೀರಿರಲಿಲ್ಲ. ನಾನು ಮೀರಲು ಬಿಟ್ಟಿರಲಿಲ್ಲ ಎಂದರೆ ಹೆಚ್ಚು ಸರಿಯಾದೀತು.

ಆ ವರ್ಷ ಕಲ್ಯಾಣದುರ್ಗದಲ್ಲಿ ಒಂದು ಪಂದ್ಯ ಗೊತ್ತಾಯಿತು. ಊರಿನಿಂದ ಕಂಬದೂರಿನ ದಾರಿ ಹಿಡಿದು ಹೊರಟು, ನಡುವೆ ಬರುವ ಗುಡ್ಡವೊಂದನ್ನು ಹತ್ತಿ, ಮೇಲಿನ ಶಿವನ ಗುಡಿಯ ಮುಂದೆ ಮುಗಿಸಬೇಕು. ಗುಡಿಯ ಜೀರ್ಣೋದ್ಧಾರಕ್ಕೆ ಕಲ್ಲು ಸಾಗಿಸಲೆಂದು ಗುಡ್ಡದ ಮೈಯಲ್ಲಿ ಕಡಿದ ಬಂಡಿದಾರಿ ಅದು. ಎರಡು ಜೊತೆ ಎತ್ತು ಕಟ್ಟಿದರೂ ಹತ್ತು ಮಾರಿಗೊಮ್ಮೆ ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸಬೇಕಾಗುವಷ್ಟು ಕಡಿದಾದುದು. ಗುಡ್ಡದ ಬುಡ ದಾಟಿದ ಮೇಲೆ ಯಾರ ಕಾಲು ನೆಲಕ್ಕೆ ಮುಟ್ಟಿದರೂ ಅವರು ಪಂದ್ಯದಿಂದ ಹೊರಗೆಂದು ಕಟ್ಟಳೆ ಮಾಡಿದ್ದರು.

ನಮ್ಮ ಅವ್ವ ಇದನ್ನೆಲ್ಲ ಕೇಳಿ, ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. "ಅವ್ನು ಎದೆ ಒಡ್ಕಂಬುಡ್ತಾನೆ ಕಣಪ್ಪ. ನೀನು ಜತೇಲಿ ಹೋಗು. ನೀನಿದ್ರೆ ಅವ್ನಿಗೆ ವಸಿ ಭಯ ಇರ್ತದೆ" ಎಂದಳು. ಹಾಗಾಗಿ ನಾನು ಹೋದೆ.

ಪಂದ್ಯವು ಹತ್ತು ಗಂಟೆಗೆಂದು ಹೇಳಿದ್ದರು. ಕಲ್ಯಾಣದುರ್ಗದಲ್ಲಿ ನಾವು ಉಳಿದುಕೊಂಡಿದ್ದ ಮನೆಯಲ್ಲಿ ನಾನು ಬೆಳಗಿನ ಜಾವದಲ್ಲೇ ಎದ್ದು, ನಿಧಾನವಾಗಿ ಪೂಜೆ ಮಾಡಿ, ಹಾಲು ಕುಡಿದು ಕುಳಿತಿದ್ದೆ. ತಮ್ಮನಿಗೆ ನಿದ್ದೆ ಬೇಕೆಂದು ನಾನೇ ಎಬ್ಬಿಸಿರಲಿಲ್ಲ. ಎಂಟು ಗಂಟೆಯ ಸುಮಾರಿಗೆ ಅವನು ಆಗತಾನೆ ಸ್ನಾನ ಮುಗಿಸಿ ಬರುತ್ತಿದ್ದಾಗ ಷಾಪಿನ ಗುಮಾಸ್ತನು ಓಡಿಬಂದ.

"ಇನ್ನ ಒದ್ದೆ ಪಂಚೆನಾಗೇ ಇದ್ದೀಯೇನಪ್ಪಾ! ಬಾವುಟ ಬೀಸೋ ಆಫೀಸರಿಗೆ ಬೇರೆ ಕಡೆ ಕೆಲ್ಸ ಐತಂತೆ, ರೇಸು ಈಗ್ಲೇ ಬುಡ್ತಾರಂತೆ. ರಾ ರಾ, ತೊಂದರಗಾ ರಾ!"

"ತೊಂದ್ರೆ ಆಗ್ಲೇ ಬಂದೈತಲ್ಲಣ್ಣ, ಇನ್ನೆಲ್ಲಿಗೆ ಕರೀತೀಯ?" ಎಂದು ತಮ್ಮ ನಕ್ಕ. ತೆಲುಗಿನ 'ತೊಂದರ' ಎಂದರೆ ಅವಸರ, ನಮ್ಮ ತೊಂದರೆ ಬೇರೆ. ಒಂದು ಭಾಷೆಯಲ್ಲಿ ಎತ್ತಿದ ಮಾತನ್ನು ಇನ್ನೊಂದರಲ್ಲಿ ಇಳಿಸುವ ನಮ್ಮ ಸೀಮೆಯಲ್ಲಿ ಇಂತಹ ವಿನೋದಗಳಿಗೆ ಕೊರತೆಯಿಲ್ಲ. ಗುಮಾಸ್ತನೂ ನಕ್ಕ. ಆಮೇಲೆ ತಮ್ಮ ನನ್ನ ಕಡೆ ತಿರುಗಿ, ನಗುವನ್ನು ಬಿಟ್ಟು, "ಅಣ್ಣಯ್ಯ, ಎಲ್ಡು ನಿಮಿಷ. ಇಭೂತಿ ಹಚ್ಚಿ, ನೀರು ಎರ್ದು ಮುಗಿಸ್ಬುಡ್ತೀನಿ" ಎಂದ.

"ಎರಡು ನಿಮಿಷದ್ದನ್ನ ಪೂಜೆ ಅಂತಾರೇನೋ?" ಎಂದೆ. "ದಾರೀಲಿ ಸಿಕ್ಕಿದೋರನ್ನ ಮಾತಾಡಿಸ್ದಂಗೆ ಶಿವನ್ನ ಮಾತಾಡಿಸ್ತೀಯ? ಗುಡ್ಡದ ಮ್ಯಾಲೆ ಗುಡಿ ಐತೆ, ಬಂಡೆ ದೊಣೆನಾಗೆ ನೀರೈತೆ. ಅಲ್ಲೇ ಕೂತು ಸಮಾಧಾನವಾಗಿ ಮಾಡು. ಅಲ್ಲೀಗಂಟ ತಡ್ಕೊ."

"ಆಯ್ತಣ್ಣಯ್ಯ. ತಡ್ಕಂತೀನಿ."

ಅಷ್ಟೇ ಮಾತು. ನೀರನ್ನು ಕುರಿತು ನಾನು ಏನೂ ಹೇಳಲಿಲ್ಲ, ಹೇಳಬೇಕಾಗಿರಲೂ ಇಲ್ಲ.

ಅವಸರಪಡಿಸಿದ ಆ ಅಧಿಕಾರಿಯು ಬಂದದ್ದು ಒಂಬತ್ತೂವರೆಗೆ. ಅಲ್ಲಿಯವರೆಗೆ ಸವಾರರೆಲ್ಲ ಸುಣ್ಣದ ಗೆರೆಯ ಹಿಂದೆ ಸೈಕಲ್ ಹಿಡಿದು ಬಿಸಿಲಿನಲ್ಲಿ ನಿಂತಿದ್ದರು. ಗೆರೆ ಬಿಟ್ಟು ಹೋದವನಿಗೆ ಸಾಲಿನಲ್ಲಿ ಜಾಗವಿಲ್ಲ. ಬಳ್ಳಾರಿಯಿಂದ ಬಂದಿದ್ದ ಸವಾರನೊಬ್ಬ ಮಜ್ಜಿಗೆಯ ಚೊಂಬನ್ನು ಎತ್ತಿ ಕುಡಿದು ತಮ್ಮನತ್ತ ಚಾಚಿದ. ತಮ್ಮ ತಲೆಯಾಡಿಸಿ ಬೇಡವೆಂದ. ಅದನ್ನು ನಾನು ದೂರದಿಂದ ಕಂಡೆ. ಆ ಹೊತ್ತಿನಲ್ಲಿ ಒಂದಲ್ಲ, ಮೂರು ಪೂಜೆ ಮಾಡಬಹುದಾಗಿತ್ತಲ್ಲ ಎಂಬ ಲೆಕ್ಕವು ಅಂದು ನನ್ನ ಎದೆಯಲ್ಲಿ ಕುಳಿತಿತು, ಗುಡ್ಡದವರೆಗೂ ಏಳಲಿಲ್ಲ.

ಯಜಮಾನರ ಮೋಟಾರಿನಲ್ಲಿ ನಾನು ಮುಂದಾಗಿ ಹೋಗಿ ಗುಡ್ಡದ ಬುಡದಲ್ಲಿ ಇಳಿದೆ. ಅಲ್ಲಿದ್ದ ಬಾವಿಯಿಂದ ತಾಮ್ರದ ಚೊಂಬು ತುಂಬ ನೀರು ಸೇದಿಕೊಂಡೆ. ಅದು ಮೇಲಿನ ಪೂಜೆಗೆಂದು ನನಗೆ ನಾನೇ ಹೇಳಿಕೊಂಡೆ. ಮೇಲೆ ದೊಣೆಯಲ್ಲಿ ನೀರಿದೆಯೆಂದು ಬೆಳಿಗ್ಗೆ ಹೇಳಿದವನೂ ನಾನೇ. ಪಂಚಾಕ್ಷರಿಯನ್ನು ಜಪಿಸುತ್ತ ಹತ್ತಿದೆ. ಚೊಂಬೊಂದನ್ನು ಬಿಟ್ಟರೆ ಬೇರೆ ಭಾರವಿಲ್ಲದೆ ನಡೆದ ನನಗೇ ನಾಲ್ಕು ಕಡೆ ನಿಂತು ಉಸಿರು ತೆಗೆದುಕೊಳ್ಳಬೇಕಾಯಿತು.

ಕೊನೆಯ ತಿರುವಿನಲ್ಲಿ ದಾರಿಯ ಎಡ ಅಂಚು ಮಳೆಗೆ ಕುಸಿದಿತ್ತು. ಕಲ್ಲುಕೆಲಸದ ಮೇಸ್ತ್ರಿಯೊಬ್ಬನು ಕೆಂಪು ವಸ್ತ್ರ ಹಿಡಿದು ಅಲ್ಲಿ ಕಾವಲು ನಿಂತಿದ್ದ, ಮಾತೆಲ್ಲ ತೆಲುಗು. ಕುಸಿತಕ್ಕೆ ಹತ್ತು ಹೆಜ್ಜೆ ಮೇಲೆ, ಅದೇ ಎಡ ಬದಿಯಲ್ಲಿ ಗಟ್ಟಿ ನೆಲವಿದ್ದ ಕಡೆ ನಾನು ನಿಂತೆ. ಎದುರಿನ ಬಂಡೆಯ ನೆರಳಿನಲ್ಲಿ ಕುರಿ ಕಾಯುವ ಮುದುಕಿಯೊಬ್ಬಳು ಕುಳಿತಿದ್ದಳು.

"ಅಯ್ನೋರೇ, ಆ ಚೊಂಬು ಕೊಡಾಕೋ, ಬರೀ ತೋರ್ಸಾಕೋ?" ಎಂದಳು.

"ಪೂಜೆಗಮ್ಮ" ಎಂದೆ.

"ಬರೋನು ನಿಮ್ಮೋನಾ?"

"ನನ್ನ ತಮ್ಮ."

"ನನ್ ಕುರಿಗಳೇ ಇಲ್ಲಿಗೆ ಬಂದ್ರೆ ನಾಲ್ಗೆ ಈಚೆಗೆ ಹಾಕ್ತವೆ. ಪೂಜೆ ಗುಡಿನಾಗೇ ಮಾಡ್ಬೇಕು ಅಂತ ನಿಮ್ ಶಿವ ಏನಾದ್ರೂ ಕಾಗ್ದ ಬರ್ದವ್ನಾ?" ಎಂದು ನಕ್ಕು, ಎಲೆಯಡಿಕೆ ಬಾಯಿಗೆ ಹಾಕಿಕೊಂಡಳು.

ನಾನು ಚೊಂಬನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡೆ. ಅಷ್ಟರಲ್ಲಿ ಕೆಳಗಡೆ ಸವಾರರು ಕಾಣಿಸಿದರು. ಹನ್ನೆರಡು ಮಂದಿಯಲ್ಲಿ ಉಳಿದವರು ಮೂವರು. ನೇರವಾಗಿ ಹತ್ತಲಾಗದೆ ದಾರಿಯ ಈ ಅಂಚಿನಿಂದ ಆ ಅಂಚಿಗೆ ಹಾವಿನಂತೆ ಅಡ್ಡಡ್ಡ ಬರುತ್ತಿದ್ದರು. ಸೀಟಿನ ಮೇಲೆ ಯಾರೂ ಕುಳಿತಿರಲಿಲ್ಲ. ಇಡೀ ಮೈಭಾರವನ್ನು ಒಂದೊಂದು ಪೆಡಲಿನ ಮೇಲೂ ಸುರಿದು ಅದನ್ನು ಕೆಳಕ್ಕೆ ಒತ್ತುತ್ತಿದ್ದರು. ಮುಂದೆ ನನ್ನ ತಮ್ಮ. ಅವನ ಹಿಂದೆ ಬಳ್ಳಾರಿಯವನು. ತಮ್ಮನ ತುಟಿ ಬಿಳಿಚಿಕೊಂಡಿತ್ತು, ಹಣೆಯಲ್ಲಿ ಬೆವರೇ ಇರಲಿಲ್ಲ. ಬೆವರು ಬತ್ತಿದ ಮೈ ಬಿಸಿಲಿಗೆ ಯಾವ ಗಳಿಗೆಯಲ್ಲಾದರೂ ಕುಸಿಯುತ್ತದೆಂಬುದು ನನಗೆ ತಿಳಿದಿತ್ತು. ಜಪದ ಅಕ್ಷರಗಳು ನಾಲಗೆಯ ಮೇಲೆ ಒಂದಕ್ಕೊಂದು ತೊಡರಿದವು. ಕೂಗಿ ಹೇಳಲೇ, ಕುಡಿಯೆಂದು? ಹೇಳಿದರೆ ಇಪ್ಪತ್ತು ವರ್ಷ ನಾನೇ ಕಟ್ಟಿದ್ದನ್ನು ನಾನೇ ಕೆಡವಿದಂತಾಗುವುದಿಲ್ಲವೇ? ಹೀಗೆ ಯೋಚಿಸುತ್ತ ಬಾಯಿ ಮುಚ್ಚಿಕೊಂಡೇ ನಿಂತಿದ್ದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಮೇಸ್ತ್ರಿಯು ಕೆಂಪು ವಸ್ತ್ರ ಬೀಸಿ ಕೂಗಿದ: "ಕುಡಿ! ಕುಡಿ! ಕುಡಿ!"

ತೆಲುಗಿನಲ್ಲಿ ಕುಡಿ ಎಂದರೆ ಬಲಗಡೆ. ಎಡ ಅಂಚು ಕುಸಿದಿದೆ, ಬಲಕ್ಕೆ ಹೋಗಿರೆಂದು ಅವನ ಇಂಗಿತ. ಬೇರೆ ದಿನವಾಗಿದ್ದರೆ ನಮ್ಮ ಊರುಗಳಲ್ಲಿ ಹಸುಗೂಸೂ ಅದನ್ನು ತಪ್ಪಾಗಿ ತಿಳಿಯುತ್ತಿರಲಿಲ್ಲ. ಆದರೆ ತಮ್ಮ ತಲೆಯೆತ್ತಿದಾಗ ಅವನ ಕಣ್ಣಿಗೆ ಬಿದ್ದವನು ನಾನು. ನನ್ನ ಕೈಯಲ್ಲಿದ್ದುದು ನೀರಿನ ಚೊಂಬು. ಮನೆಯಲ್ಲಿ ಅವನು ನನ್ನ ಬಾಯಿಂದ ಕೇಳಿದ್ದು ಕನ್ನಡವೊಂದನ್ನೇ. ಅವನ ಮುಖದಲ್ಲಿ ಎಂತಹ ಸಮಾಧಾನ ಮೂಡಿತೆಂದರೆ, ದಂಡನೆಯೊಂದು ತೀರಿದ ಮಗುವಿನ ಮುಖದಂತೆ ಅದು ಬೆಳಗಿತು. ಬಲಕ್ಕೆ ತಿರುಗಬೇಕಾದ ಹ್ಯಾಂಡಲನ್ನು ಎಡಕ್ಕೆ, ನೇರವಾಗಿ ನನ್ನ ಕಡೆಗೆ ತಿರುಗಿಸಿದ. ನನಗೂ ಅವನಿಗೂ ನಡುವೆ ಆ ಕುಸಿತವಿತ್ತು.

ಚೊಂಬನ್ನು ಬಿಟ್ಟೆ. ಹೇಗೆ ಇಳಿದೆನೋ ತಿಳಿಯದು. ಮುಂದಿನ ಗಾಲಿಯ ಕೆಳಗಿಂದ ಜಲ್ಲಿ ಜಾರಿ ಪ್ರಪಾತಕ್ಕೆ ಬೀಳುತ್ತಿದ್ದ ಸದ್ದು ಕೇಳಿಸಿತು. ಹ್ಯಾಂಡಲನ್ನು ಎರಡು ಕೈಯಲ್ಲೂ ಹಿಡಿದು ಮೈಯೆಲ್ಲ ದಾರಿಯ ಬಲಕ್ಕೆ ಒರಗಿಸಿದೆ. ಸೈಕಲು, ಅವನು, ನಾನು ಮೂವರೂ ದಾರಿಯ ನಡುವೆ ಬಿದ್ದೆವು. ಬಳ್ಳಾರಿಯವನು ಬಲ ಅಂಚನ್ನು ಹಿಡಿದು, ನಮ್ಮನ್ನೇ ನೋಡುತ್ತ, ಏದುತ್ತ ಮುಂದೆ ಹೋದ.

ತಮ್ಮ ಮೊದಲು ಮುಟ್ಟಿ ನೋಡಿಕೊಂಡದ್ದು ಕೊರಳಿನ ಲಿಂಗವನ್ನು. ರಕ್ತ ಸುರಿಯುತ್ತಿದ್ದ ಮೊಣಕಾಲನ್ನಲ್ಲ. ಆಮೇಲೆ ಕೈ ಚಾಚಿದ. ಮುದುಕಿಯು ಉರುಳಿದ್ದ ಚೊಂಬನ್ನು ಎತ್ತಿ ತಂದಳು. ತಳದಲ್ಲಿ ಒಂದು ಬೊಗಸೆಯಷ್ಟು ಉಳಿದಿತ್ತು. ಅವನು ಅದನ್ನು ಬೊಗಸೆಗೆ ಸುರಿದುಕೊಂಡು ಬಾಯಿಯ ಬಳಿ ಹಿಡಿದು, ತಟ್ಟನೆ ತಡೆದು, ನನ್ನನ್ನು ನೋಡಿದ.

"ಅಣ್ಣಯ್ಯ, ನೀನೇ ಅಲ್ವಾ ಅಂದಿದ್ದು, ಕುಡಿ ಅಂತ?"

ಮೇಸ್ತ್ರಿ ಹತ್ತಿರ ಬಂದಿದ್ದ. ಕೂಗಿದವನು ತಾನೆಂದು ಹೇಳಲು "ಅದಿ ನೇನು…" ಎಂದು ಬಾಯಿ ತೆರೆದ. ನಾನು ಕೈಯೆತ್ತಿ ಅವನನ್ನು ತಡೆದೆ.

"ಹೌದಪ್ಪ" ಎಂದೆ. "ನಾನೇ ಅಂದೆ. ಕುಡಿ."

ಅವನು ಕುಡಿದ. ಮುದುಕಿ ತನ್ನ ಸೋರೆಬುರುಡೆಯ ನೀರನ್ನೂ ಅವನ ತಲೆಯ ಮೇಲೆ ಸುರಿದಳು.

ಆಮೇಲೆ ನಾವಿಬ್ಬರೂ ಸೈಕಲನ್ನು ತಳ್ಳಿಕೊಂಡು ಮೇಲಕ್ಕೆ ಹೋದೆವು. ದೊಣೆಯ ದಡದಲ್ಲಿ ಕುಳಿತು ಅವನು ಅವಸರವಿಲ್ಲದೆ ಪೂಜೆ ಮಾಡಿದ, ನಾನು ನೀರೆರೆದೆ. ಯಜಮಾನರು ಮುಖ ಗಂಟಿಕ್ಕಿಕೊಂಡಿದ್ದರೂ ಅವನನ್ನು ಕೈಬಿಡಲಿಲ್ಲ. ಪಂದ್ಯದಿಂದ ಬಿಡಿಸಿ ರಿಪೇರಿಗೆ ಕೂರಿಸಿದರು. ಅವ್ವನಿಗೆ ಅದೇ ದೊಡ್ಡ ಪ್ರಸಾದವಾಯಿತು.

ಊರಿಗೆ ಬಂದ ದಿನ ಊಟಕ್ಕೆ ಕುಳಿತಾಗ ತಮ್ಮ ಹೇಳಿದ: "ಅಣ್ಣಯ್ಯನೇ ಬಾಯ್ಬುಟ್ಟು ಕುಡಿ ಅಂದ್ಬುಟ್ಟ ಕಣವ್ವ! ನಂಗೇ ನಂಬ್ಕೆ ಬರ್ಲಿಲ್ಲ."

ಅವ್ವ ಸೌಟನ್ನು ಹಿಡಿದಂತೆಯೇ ನನ್ನನ್ನು ನೋಡಿದಳು. ನಾನು ತಟ್ಟೆಯತ್ತ ತಲೆ ತಗ್ಗಿಸಿದೆ. ನಾನು ಬೇಡವೆಂದರೂ ಅವಳು ಇನ್ನೊಂದು ಸೌಟು ಸಾರು ಬಡಿಸಿದಳು.

ತಮ್ಮ ಈಗಿಲ್ಲ. ಮೇಸ್ತ್ರಿಯ ದನಿಯ ವಿಷಯವನ್ನು ಅವನಿಗೆ ನಾನು ಕೊನೆಯವರೆಗೂ ಹೇಳಲಿಲ್ಲ. ಬೆಳಗಿನ ಪೂಜೆಯಲ್ಲಿ ಅಂಗೈಯ ಲಿಂಗಕ್ಕೆ ನೀರೆರೆಯುವಾಗ ಮಾತ್ರ, ಅಂದು ಮೊದಲು ಕೂಗಿದವನು ನಾನಲ್ಲವೆಂದು ದಿನವೂ ಒಪ್ಪಿಕೊಳ್ಳುತ್ತೇನೆ.