ಕೌದಿಯ ಮೇಲಿನ ಎರಡು ಹೊಲಿಗೆ

ಇಂದು ಮಧ್ಯಾಹ್ನ ಸಿಂದಗಿಯಲ್ಲಿ ಒಂದು ಪುಟ್ಟ ವಸ್ತುಸಂಗ್ರಹಾಲಯಕ್ಕೆ ಹೋದೆವು. ಹಳೆ ಶಾಲೆಯ ಎರಡು ಕೋಣೆಗಳು. ಒಳಗಿರುವುದೆಲ್ಲ ಊರವರೇ ತಮ್ಮ ಮನೆಗಳಿಂದ ತಂದುಕೊಟ್ಟ ಸಾಮಾನು. ಬಾಗಿಲಲ್ಲೇ ಅವ್ವ ನನ್ನ ಕೈ ಬಿಟ್ಟಳು.

"ನೀ ನೋಡಿ ಬಾ. ಕಣ್ಣಿಲ್ಲದಾಕಿಗೆ ಒಳಗೇನೈತಿ? ನಾ ಇಲ್ಲೇ ಕುಂದರ್ತೇನಿ."

ದೃಷ್ಟಿ ಹೋದಮೇಲೆ ಎಲ್ಲಿಗೆ ಹೋದರೂ ಅವಳದು ಇದೇ ಮಾತು.

ಸಂಗ್ರಹಾಲಯ ನೋಡಿಕೊಳ್ಳುವ ಕಸ್ತೂರಿಬಾಯಿ ಅದನ್ನು ಕೇಳಿಸಿಕೊಂಡರು. "ಅವ್ವಾರ, ಇಲ್ಲಿ ಯಾವುದನ್ನೂ ಗಾಜಿನ ಕಪಾಟಿನ್ಯಾಗ ಇಟ್ಟಿಲ್ಲ. ಬರ್ರಿ, ಮುಟ್ಟಿ ನೋಡ್ರಿ" ಎಂದು ಕೈ ಹಿಡಿದು ಕರೆದೊಯ್ದರು.

ಅವ್ವ ಬೀಸುಕಲ್ಲಿನ ಗೂಟ ಹಿಡಿದಳು, ಎತ್ತಿನ ಕೊರಳ ಗೆಜ್ಜೆ ಅಲುಗಿಸಿದಳು. ಮಂಚದ ಮೇಲೆ ಹಾಸಿದ್ದ ಹಳೆ ಕೌದಿಯ ಬಳಿ ಮಾತ್ರ ಬಹಳ ಹೊತ್ತು ನಿಂತಳು. ಸೀರೆ, ಧೋತರದ ತುಂಡುಗಳ ಮೇಲೆ ಬೆರಳಾಡಿಸುತ್ತ, "ತಂಗಿ, ಇದನ್ನ ಇಬ್ಬರು ಹೊಲದಾರ. ಒಬ್ಬಾಕಿ ಹೊಲಿಗಿ ಸಣ್ಣದೈತಿ, ಇನ್ನೊಬ್ಬಾಕಿದು ಅಡ್ಡಾದಿಡ್ಡಿ" ಎಂದಳು.

ಕಸ್ತೂರಿಬಾಯಿಗೆ ನಗು ತಡೆಯಲಾಗಲಿಲ್ಲ. "ಹೌದ್ರಿ! ಸಣ್ಣದು ನಮ್ಮತ್ತಿದು. ಅಡ್ಡಾದಿಡ್ಡಿ ನಂದು. ಆಗ ಹೊಸದಾಗಿ ಮದುವ್ಯಾಗಿ ಬಂದಿದ್ನಿ."

ಇಬ್ಬರೂ ಕೌದಿಯ ಒಂದೊಂದು ಅಂಚು ಹಿಡಿದುಕೊಂಡೇ ನಕ್ಕರು. ಅವ್ವ ಹೀಗೆ ನಕ್ಕು ಎಷ್ಟು ಕಾಲವಾಗಿತ್ತೋ. ನಾನು ಕಸ್ತೂರಿಬಾಯಿಗೆ ಕೈ ಮುಗಿದೆ.

ಆಮೇಲೆ, ಬಸ್ಸಿಗೆ ಹೊತ್ತಾಯಿತೆಂದು ಅವ್ವನಿಗೆ ನೆನಪಿಸಿದೆ. ಅವಳು ನನ್ನತ್ತ ತಿರುಗಲೇ ಇಲ್ಲ. ಕಸ್ತೂರಿಬಾಯಿಯ ತೋಳು ಹಿಡಿದು ಕೇಳುತ್ತಿದ್ದಳು: "ಇನ್ನೂ ಒಂದು ಖೋಲಿ ಐತೇನ್, ತಂಗಿ?"