ಅಣ್ಣ ಕರೆದ ಹೆಸರು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಕ್ಕುಬಿಡುತ್ತಿದ್ದೆ. ಮಧುಗಿರಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವವಳು ನಾನು. ದೆವ್ವ, ಮೈಮೇಲೆ ಬರುವುದು ಎಂದರೆ ಮಕ್ಕಳನ್ನು ಗದರಿ ಕೂರಿಸಿದವಳು. ಈಗಲೂ ಅವನ್ನೆಲ್ಲ ನಂಬುವುದಿಲ್ಲ. ಆದರೆ ಶಿರಾದ ಆಸ್ಪತ್ರೆಯಲ್ಲಿ ನನ್ನ ಕಿವಿಯಾರೆ ಕೇಳಿದ್ದನ್ನು ಕೇಳಿಲ್ಲ ಎನ್ನಲಾರೆ.

ಗೌಡಗೆರೆ ಕಡೆ ಬೇಸಾಯ ಮಾಡಿಕೊಂಡಿದ್ದ ನನ್ನ ಅಣ್ಣನಿಗೆ ಕಾಮಾಲೆಯಾಗಿ ಲಿವರ್ ಕೆಟ್ಟಿತ್ತು. ಕುಡಿತವಿರಲಿಲ್ಲ, ಯಾವುದೋ ವೈರಸ್ಸು ವರ್ಷಗಟ್ಟಲೆ ಒಳಗೇ ಇತ್ತಂತೆ. ಹೊಟ್ಟೆಯಲ್ಲಿ ನೀರು ತುಂಬಿತು, ಮೀಸೆ ತೆಳುವಾಯಿತು, ಎದೆ ಹೆಂಗಸರ ಎದೆಯಂತೆ ಊದಿಕೊಂಡಿತು. ಹಾರ್ಮೋನು ಏರುಪೇರಾಗಿದೆ, ಅಷ್ಟೇ ಎಂದು ಡಾಕ್ಟರು ಹೇಳಿದರೂ ಅವನಿಗೆ ನಾಚಿಕೆ. ಯಾರು ಬಂದರೂ ಟವೆಲು ಎಳೆದು ಎದೆ ಮುಚ್ಚಿಕೊಳ್ಳುತ್ತಿದ್ದ.

ಒಂದು ಭಾನುವಾರ ಮಧ್ಯಾಹ್ನ ಅತ್ತಿಗೆ ಆಸ್ಪತ್ರೆಯಿಂದ ಫೋನ್ ಮಾಡಿದಳು. "ಬಿರ್ನೆ ಬಾರಮ್ಮ. ನಿಮ್ಮಣ್ಣ ನನ್ನೇ ಯಾರು ನೀನು ಅಂತಾರೆ. ಇಂಗಾದ್ರೆ ನಾನೇನ್ ಮಾಡ್ಲಿ?"

ನಾನು ಹೋಗುವಷ್ಟರಲ್ಲಿ ಅಣ್ಣ ಡ್ರಿಪ್ಪು ಕಿತ್ತೆಸೆದಿದ್ದ. ಚಾಚಿದ ಕೈಗಳು ಪಟಪಟ ಅದುರುತ್ತಿದ್ದವು. ಲಿವರ್ ಶೋಧಿಸಬೇಕಾದ ವಿಷ ಮೆದುಳಿಗೆ ಏರಿದೆ, ಭೇದಿಯಾಗಿ ಹೊರಗೆ ಹೋಗದಿದ್ದರೆ ಕೋಮಾಕ್ಕೆ ಜಾರಬಹುದು ಎಂದು ಡಾಕ್ಟರು ಹೇಳಿದರು. ಅತ್ತಿಗೆ ಔಷಧಿ ತರಲು ಕೆಳಗೆ ಓಡಿದಳು. ನಾನು ಅವನ ಕಾಲು ಅದುಮಿ ಹಿಡಿದು ಕೂತೆ.

ಇದ್ದಕ್ಕಿದ್ದಂತೆ ಅವನು ಸುಮ್ಮನಾದ. ಟವೆಲನ್ನು ತಾನೇ ಸರಿಸಿ, ತಲೆದಿಂಬನ್ನು ಎತ್ತಿ ಎದೆಗವಚಿಕೊಂಡು ಬಾಣಂತಿಯ ಹಾಗೆ ಮೆಲ್ಲಗೆ ತೂಗತೊಡಗಿದ. ನೋಡಲಾಗದೆ ನನಗೆ ಅಳು ಬಂತು. ಅವನು ದಿಂಬಿನತ್ತ ಬಾಗಿ, "ಅಳ್ಬ್ಯಾಡ ಕಣೆ ನೇಸರ. ನಿಮ್ಮವ್ವ ಇಲ್ಲೇ ಅವ್ಳೆ, ನೋಡು" ಎಂದು ನನ್ನ ಕಡೆ ಗದ್ದ ತೋರಿಸಿದ.

ಹಿಡಿದಿದ್ದ ಅವನ ಕಾಲು ಬಿಟ್ಟೆ.

ಕೆಲವು ವರ್ಷಗಳ ಹಿಂದೆ ನನ್ನ ಮಗು ಹೊಟ್ಟೆಯಲ್ಲೇ ಹೋಗಿತ್ತು. ಹೆಣ್ಣಾದರೆ ನೇಸರ ಎಂದು ಕರೆಯಬೇಕೆಂದು ಮನಸ್ಸಿನಲ್ಲೇ ಅಂದುಕೊಂಡಿದ್ದೆ. ನಮ್ಮ ಯಜಮಾನರಿಗೂ ಹೇಳಿರಲಿಲ್ಲ. ಅಣ್ಣನೋ, ಸೂರ್ಯನಿಗೆ ಹೊತ್ತು ಎನ್ನುವವನು. ಆ ಪದವೇ ಅವನ ಬಾಯಲ್ಲಿ ನಾನು ಎಂದೂ ಕೇಳಿರಲಿಲ್ಲ.

"ಯಾರಣ್ಣ ನೇಸರ?" ಎಂದೆ.

"ಮೆತ್ತಗೆ ಮಾತಾಡು. ಈಗ ನಿದ್ದೆ ಹತ್ತೈತೆ" ಎಂದವನು ತಾನೂ ಕಣ್ಣು ಮುಚ್ಚಿದ. ಆಮೇಲೆ ಎಷ್ಟು ಅಲುಗಿಸಿದರೂ ತೆರೆಯಲಿಲ್ಲ. ನರ್ಸುಗಳು ಓಡಿ ಬಂದರು. ಮೂಗಿಗೆ ನಳಿಕೆ ಹಾಕಿ ಔಷಧಿ ಬಿಟ್ಟರು. ಹೊರಗೆ ಬೆಂಚಿನ ಮೇಲೆ ಅತ್ತಿಗೆ ನನ್ನ ಕೈಯನ್ನು ಉಗುರು ಇಳಿಯುವಂತೆ ಹಿಡಿದು ಕೂತಿದ್ದಳು.

ಮಾರನೆಯ ದಿನ ಸಂಜೆ ಅಣ್ಣನಿಗೆ ಎಚ್ಚರವಾಯಿತು. ಅತ್ತಿಗೆಯನ್ನು ಗುರುತಿಸಿ, "ಮಳೆ ಬಂತಾ?" ಎಂದ. ಅವಳು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ದಿಂಬಿನ ಮಾತು ತೆಗೆದರೆ ಅವನು, "ನಂಗೊಂದೂ ಗ್ಯಾನ ಇಲ್ಲ ಕಣಮ್ಮ" ಎಂದ. ಗೊಂದಲದಲ್ಲಿರುವ ಮೆದುಳು ಏನು ಬೇಕಾದರೂ ಆಡಿಸುತ್ತದೆ ಎಂದರು ಡಾಕ್ಟರು. ಒಪ್ಪುತ್ತೇನೆ. ಆದರೆ ಅದೇ ಹೆಸರನ್ನೇಕೆ?

ಅಣ್ಣ ಆ ವರ್ಷವೇ ತೀರಿಕೊಂಡ. ನಾನೇ ಎಂದೋ ಅವನ ಮನೆಯಲ್ಲಿ ಉಳಿದಿದ್ದಾಗ ನಿದ್ದೆಯಲ್ಲಿ ಕನವರಿಸಿದ್ದೆನೇ? ಕಾಕತಾಳೀಯವೇ? ನೀವು ಏನಾದರೂ ಅಂದುಕೊಳ್ಳಿ, ನನಗಂತೂ ಇವತ್ತಿಗೂ ತಿಳಿದಿಲ್ಲ. ಅವನ ತಿಥಿ ಮುಗಿಸಿ ಮನೆಗೆ ಬಂದ ದಿನ ಯಜಮಾನರಿಗೆ ಎಲ್ಲ ಹೇಳಿದೆ. ಅವರು, "ಚೆನ್ನಾಗಿತ್ತು ಹೆಸರು" ಎಂದರು.